ಅಂಕಪಟ್ಟಿಗೆ ಬಾರದ ಸಂಘಗಳು

ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಹವ್ಯಾಸಗಳಲ್ಲಿ ಹಳೆಯ ಅಭಿನಂದನ ಗ್ರಂಥಗಳನ್ನೂ ಆತ್ಮಕಥೆಗಳನ್ನೂ ಓದುವುದು ಒಂದು. ಮೂವತ್ತೆರಡು ವರ್ಷ ಚರಿತ್ರೆಯ ಪಾಠ ಹೇಳಿದವನಿಗೆ ಇದು ಸಹಜವೇ ಇರಬೇಕು. ಹೀಗೆ ಓದುವಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬೇರೆಯವರು ಬರೆದುಕೊಟ್ಟ ವ್ಯಕ್ತಿಪರಿಚಯದಲ್ಲಿ ಆತ ಯಾವ ವರ್ಷ ಬಿ.ಎ. ಮಾಡಿದರು, ಯಾವ ದರ್ಜೆ ಬಂತು, ಎಷ್ಟನೆಯ ರ‍್ಯಾಂಕು ಎಂಬುದೆಲ್ಲ ಚಾಚೂ ತಪ್ಪದೆ ಇರುತ್ತದೆ. ಅದೇ ವ್ಯಕ್ತಿ ತನ್ನ ಕಾಲೇಜಿನ ದಿನಗಳನ್ನು ತಾನೇ ಬರೆಯಲು ಕುಳಿತರೆ ದರ್ಜೆಯ ಮಾತು ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಉಳಿದ ಪುಟಗಳನ್ನೆಲ್ಲ ಚರ್ಚಾಕೂಟ, ಕನ್ನಡ ಸಂಘ, ನಾಟಕದ ತಾಲೀಮು, ಕೈಬರಹದ ಪತ್ರಿಕೆ ಇವೇ ತುಂಬಿಕೊಂಡಿರುತ್ತವೆ. ಪರೀಕ್ಷೆಗೆ ಓದಿದ್ದು ಮರೆತಿದೆ. ಪರೀಕ್ಷೆಗೆ ಬಾರದೇ ಇದ್ದುದು ನೆನಪಿದೆ.

ಇದು ಮುದುಕರ ನೆನಪಿನ ಚಪಲ ಮಾತ್ರವೇ ಎಂದು ನಾನು ಮೊದಮೊದಲು ಅನುಮಾನಪಟ್ಟದ್ದುಂಟು. ಆದರೆ ವಿಶ್ವವಿದ್ಯಾಲಯಗಳ ಚರಿತ್ರೆಯನ್ನು ನೋಡುತ್ತ ಹೋದ ಹಾಗೆ ಇದರಲ್ಲಿ ನೆನಪಿಗಿಂತ ಹೆಚ್ಚಿನ ಸತ್ಯವಿದೆ ಎನ್ನಿಸಿತು. ಕಾಲೇಜು ಏನನ್ನು ಕಲಿಸಲಿಲ್ಲವೋ ಅದನ್ನು ಕಲಿಯಲು ವಿದ್ಯಾರ್ಥಿಗಳು ಸಂಘ ಕಟ್ಟಿಕೊಂಡರು. ಮುಂದೆ ಎಷ್ಟೋ ಸಲ ಕಾಲೇಜೇ ಆ ಸಂಘದ ಹಿಂದೆ ನಡೆದುಬಂತು. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇಂಗ್ಲೆಂಡಿನ ಕೇಂಬ್ರಿಜ್ ಯೂನಿಯನ್ 1815ರಲ್ಲಿ, ಆಕ್ಸ್‌ಫರ್ಡ್ ಯೂನಿಯನ್ 1823ರಲ್ಲಿ ಹುಟ್ಟಿದವು. ಎರಡೂ ವಿದ್ಯಾರ್ಥಿಗಳ ಚರ್ಚಾಕೂಟಗಳೇ. ನಮ್ಮ ದೇಶದಲ್ಲಿ ಈ ಬಗೆಯ ಸಂಘ ಹುಟ್ಟಲು ಬಹಳ ಕಾಲ ಹಿಡಿಯಲಿಲ್ಲ. 1828ರಲ್ಲಿ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಇನ್ನೂ ಇಪ್ಪತ್ತು ತುಂಬದ ಒಬ್ಬ ಅಧ್ಯಾಪಕರು ತಮ್ಮ ಶಿಷ್ಯರನ್ನು ಕೂಡಿಸಿಕೊಂಡು 'ಅಕಾಡೆಮಿಕ್ ಅಸೋಸಿಯೇಷನ್' ಎಂಬ ಚರ್ಚಾಕೂಟ ನಡೆಸತೊಡಗಿದರು. ಅವರೇ ಹೆನ್ರಿ ಡೆರೋಜಿಯೊ. ದೇವರು, ಜಾತಿ, ವಿಗ್ರಹಾರಾಧನೆ, ಹೆಂಗಸರ ಸ್ಥಿತಿ ಇವೆಲ್ಲ ಅಲ್ಲಿ ಚರ್ಚೆಯ ವಿಷಯಗಳು. ಊರಿನ ದೊಡ್ಡಮನುಷ್ಯರು ಸುಮ್ಮನಿರುತ್ತಾರೆಯೇ? 1831ರಲ್ಲಿ ಡೆರೋಜಿಯೊ ಕಾಲೇಜು ಬಿಡಬೇಕಾಯಿತು. ಅದೇ ವರ್ಷದ ಕೊನೆಗೆ ಕಾಲರಾ ತಗುಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆರಡು ವರ್ಷ.

ಗುರು ಹೋದರು, ಕೂಟ ಚದುರಿತು. ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಅದು ಸರಿಯಲ್ಲ. ಆ ಶಿಷ್ಯವೃಂದದಲ್ಲಿ ರಾಧಾನಾಥ ಸಿಕ್ದರ್ ಎಂಬೊಬ್ಬರಿದ್ದರು. ಭಾರತದ ಭೂಮಾಪನ ಇಲಾಖೆ ಸೇರಿ, ನಾವು ಇಂದು ಎವರೆಸ್ಟ್ ಎನ್ನುವ ಶಿಖರ ಜಗತ್ತಿನಲ್ಲೇ ಎತ್ತರವಾದದ್ದು ಎಂದು 1852ರಲ್ಲಿ ಲೆಕ್ಕ ಹಾಕಿ ತೋರಿಸಿದ ಗಣಿತಜ್ಞರು ಇವರೇ. ಇನ್ನೊಬ್ಬರು ಪ್ಯಾರೀಚಂದ್ ಮಿತ್ರ. ಬಂಗಾಳಿ ಕಾದಂಬರಿಯ ಮೊದಲಿಗರಲ್ಲಿ ಒಬ್ಬರು. ಇವರಿಬ್ಬರೂ ಸೇರಿ 1854ರಲ್ಲಿ ಹೆಂಗಸರಿಗೂ ಅರ್ಥವಾಗುವಂಥ ಸರಳ ಬಂಗಾಳಿಯಲ್ಲಿ ಒಂದು ಮಾಸಪತ್ರಿಕೆ ಹೊರಡಿಸಿದರು. ಬೆಟ್ಟದ ಎತ್ತರ ಅಳೆಯುವವರಿಗೆ ಹೆಂಗಸರ ಪತ್ರಿಕೆಯ ಉಸಾಬರಿ ಏಕೆ? ಇಲಾಖೆ ಅದನ್ನು ಕೇಳಿರಲಿಲ್ಲ, ಅದಕ್ಕೆ ಸಂಬಳವೂ ಇರಲಿಲ್ಲ. ಹದಿನೆಂಟರ ಹರೆಯದಲ್ಲಿ ಒಂದು ಕೂಟದಲ್ಲಿ ಕುಳಿತು ವಾದ ಮಾಡಿದ ವಿಷಯ ನಲವತ್ತು ದಾಟಿದ ಮೇಲೂ ಅವರನ್ನು ಬಿಟ್ಟಿರಲಿಲ್ಲ. ಅದಲ್ಲದೆ ಬೇರೆ ಕಾರಣ ನನಗೆ ಕಾಣುವುದಿಲ್ಲ.

ಮುಂಬಯಿಯದು ಇನ್ನೂ ಸ್ಪಷ್ಟವಾದ ನಿದರ್ಶನ. 1848ರಲ್ಲಿ ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳು ಮತ್ತು ತರುಣ ಅಧ್ಯಾಪಕರು ಸೇರಿ ಒಂದು ಸಾಹಿತ್ಯ ಮತ್ತು ವಿಜ್ಞಾನ ಸಂಘ ಕಟ್ಟಿದರು. ಪ್ರಬಂಧ ಓದುವುದು, ಚರ್ಚಿಸುವುದು ಅದರ ಕೆಲಸ. ಆದರೆ ಓದಿದ ಪ್ರಬಂಧ ಅಲ್ಲಿಗೇ ನಿಲ್ಲಲಿಲ್ಲ. ಹೆಣ್ಣುಮಕ್ಕಳಿಗೆ ವಿದ್ಯೆ ಬೇಕು ಎಂದು ವಾದಿಸಿದ ಹುಡುಗರೇ 1849ರಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದು, ಸಂಬಳವಿಲ್ಲದೆ ತಾವೇ ಪಾಠ ಹೇಳಿದರು. ಅವರಲ್ಲಿ ಒಬ್ಬರು ದಾದಾಭಾಯಿ ನವರೋಜಿ. 1892ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಆಯ್ಕೆಯಾದ ಅದೇ ದಾದಾಭಾಯಿ. ಪಾರ್ಲಿಮೆಂಟಿನ ಭಾಷಣಗಳನ್ನು ನಾವು ಚರಿತ್ರೆ ಎನ್ನುತ್ತೇವೆ. ಅದಕ್ಕೆ ನಲವತ್ತಮೂರು ವರ್ಷ ಮೊದಲು ಪುಟ್ಟ ಹುಡುಗಿಯರಿಗೆ ಅಕ್ಷರ ತಿದ್ದಿಸಲು ಸಂಘದ ಗೆಳೆಯರೊಡನೆ ಹೊರಟದ್ದನ್ನೂ ಹಾಗೆ ಎನ್ನಬೇಕು.

ಇನ್ನು ನಮ್ಮ ನಾಡಿಗೆ ಬರೋಣ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಸ್ಥಾಪನೆಯಾಯಿತು. ಕನ್ನಡ ನಾಡಿನ ವಿಶ್ವವಿದ್ಯಾಲಯವೇನೋ ಹೌದು, ಆದರೆ ಕಲಿಸುವ ಭಾಷೆ ಇಂಗ್ಲಿಷು. ಕನ್ನಡದಲ್ಲಿ ಎಂ.ಎ. ಮಾಡುವ ಅವಕಾಶವೇ ಇರಲಿಲ್ಲ. ಅಂಥ ಕಾಲದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಮುಂದೆ ನಿಂತು ಕರ್ನಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ಆ ಸಂಘದಿಂದ 'ಪ್ರಬುದ್ಧ ಕರ್ನಾಟಕ' ಎಂಬ ತ್ರೈಮಾಸಿಕ ಹೊರಟಿತು. ಶಾಸ್ತ್ರಿಗಳೂ ಅವರ ಗೆಳೆಯರಾದ ಟಿ.ಎಸ್. ವೆಂಕಣ್ಣಯ್ಯನವರೂ 'ಕನ್ನಡದ ಅಶ್ವಿನೀದೇವತೆಗಳು' ಎಂದೇ ಹೆಸರಾದವರು. ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1911ರಷ್ಟು ಹಿಂದೆಯೇ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆ ಹೇಗೆಂದು ಮಾತಾಡಿ ಬಂದಿದ್ದರು. ಆ ಮಾತಿಗೆ ಕೈಕಾಲು ಬಂದದ್ದು ಕಾಲೇಜಿನ ಇಂಥ ಸಂಘಗಳಲ್ಲಿ.

ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಸಂಘದ ಪತ್ರಿಕೆ ಹೊರಟದ್ದು 1919ರಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಆರಂಭವಾದದ್ದು 1927ರಲ್ಲಿ. ಎಂಟು ವರ್ಷಗಳ ಅಂತರ. ಆ ಎಂಟು ವರ್ಷ, ಪದವಿಗೆ ಬೇಡವಾಗಿದ್ದ ಕನ್ನಡವನ್ನು ಪದವಿಯ ಆಸೆಯಿಲ್ಲದೆ ಓದಿದವರು, ಬರೆದವರು, ಹಳಗನ್ನಡದ ಕಾವ್ಯಗಳ ಮೇಲೆ ವಾದ ಮಾಡಿದವರು ಇದ್ದುದರಿಂದಲೇ, ಎಂ.ಎ. ತರಗತಿ ಬಂದಾಗ ಪಾಠ ಹೇಳಲು ಮೇಷ್ಟ್ರುಗಳಿದ್ದರು, ಕೇಳಲು ಹುಡುಗರಿದ್ದರು. ಆ ಮೊದಲ ತಂಡದಲ್ಲಿ ಓದಿ 1929ರಲ್ಲಿ ಎಂ.ಎ. ಮುಗಿಸಿದವರಲ್ಲಿ ಕುವೆಂಪು ಒಬ್ಬರು. 1949ರಲ್ಲಿ ಅವರ 'ಶ್ರೀ ರಾಮಾಯಣ ದರ್ಶನಂ' ಬೆಳಕು ಕಂಡಾಗ ಅದನ್ನು ಅರ್ಪಿಸಿದ್ದು ಆ ವೇಳೆಗೆ ತೀರಿಕೊಂಡು ಹತ್ತು ವರ್ಷವಾಗಿದ್ದ ವೆಂಕಣ್ಣಯ್ಯನವರಿಗೆ. 'ಪ್ರಬುದ್ಧ ಕರ್ನಾಟಕ'ವನ್ನು ಕೂಡ ಮುಂದೆ ವಿಶ್ವವಿದ್ಯಾಲಯವೇ ವಹಿಸಿಕೊಂಡಿತು. ಸಂಘ ಮುಂದೆ, ವಿಶ್ವವಿದ್ಯಾಲಯ ಹಿಂದೆ ಎಂದು ನಾನು ಹೇಳಿದ್ದು ಇದನ್ನೇ.

ಸೆಂಟ್ರಲ್ ಕಾಲೇಜಿನ ಈ ಪರಂಪರೆಯನ್ನು ಮುಂದುವರಿಸಿದವರಲ್ಲಿ ಜಿ.ಪಿ. ರಾಜರತ್ನಂ ಅವರನ್ನು ನೆನೆಯದೆ ಇರುವಂತಿಲ್ಲ. ಕನ್ನಡಿಗರಿಗೆ ಅವರು 'ರತ್ನನ ಪದಗಳು' ಬರೆದ ಕವಿ, ಮಕ್ಕಳಿಗೆ ಪದ್ಯ ಬರೆದುಕೊಟ್ಟ ತಾತ. ವಿದ್ಯಾರ್ಥಿಗಳ ಪಾಲಿಗೆ ಅವರು ಇನ್ನೂ ಒಂದು ಕೆಲಸ ಮಾಡಿದರು: ಹುಡುಗರು ಬರೆದದ್ದನ್ನು ತಿದ್ದಿ, ಅಚ್ಚು ಹಾಕಿಸಿ, ಜನರ ಕೈಗೆ ತಲುಪಿಸಿದರು. ತನ್ನ ಹೆಸರನ್ನು ಮೊಟ್ಟಮೊದಲ ಬಾರಿಗೆ ಅಚ್ಚಿನಲ್ಲಿ ನೋಡಿದ ಹತ್ತೊಂಬತ್ತರ ಹುಡುಗ ಎಲ್ಲ ಸಲವೂ ಕವಿಯಾಗುವುದಿಲ್ಲ. ಆದರೆ ಅವನು ಓದುಗನಾಗುತ್ತಾನೆ, ಪುಸ್ತಕ ಕೊಳ್ಳುವವನಾಗುತ್ತಾನೆ. ಒಂದು ಭಾಷೆಗೆ ನೂರು ಕವಿಗಳಿದ್ದರೆ ಸಾಕು. ಓದುಗರು ಮಾತ್ರ ಲಕ್ಷಗಟ್ಟಲೆ ಬೇಕು.

ಧಾರವಾಡದ ರೀತಿಯೇ ಬೇರೆ. 1920ರ ದಶಕದಲ್ಲಿ ಅಲ್ಲಿ ಬೇಂದ್ರೆಯವರ ಸುತ್ತ ಕೂಡಿದ 'ಗೆಳೆಯರ ಗುಂಪು' ಯಾವ ಕಾಲೇಜಿನ ಪಟ್ಟಿಗೂ ಸೇರಿದ್ದಲ್ಲ. ಆದರೆ ಕಾಲೇಜಿನ ಹುಡುಗರು ಸಂಜೆಗೆ ಅಲ್ಲಿಗೆ ನಡೆದು ಬರುತ್ತಿದ್ದರು. ಕರ್ನಾಟಕ ಕಾಲೇಜಿನ ವಿದ್ಯಾರ್ಥಿ ವಿ.ಕೃ. ಗೋಕಾಕರು ಆ ಗುಂಪಿಗೆ ಸೇರಿದವರು. ಮುಂದೆ ಆಕ್ಸ್‌ಫರ್ಡಿಗೆ ಹೋಗಿ ಬಂದರು, ಕುಲಪತಿಗಳಾದರು, ಜ್ಞಾನಪೀಠ ಪಡೆದರು. ಆದರೂ ಕಾವ್ಯದಲ್ಲಿ ತಮ್ಮ ಗುರು ಎಂದು ಹೇಳಿಕೊಂಡದ್ದು ಬೇಂದ್ರೆಯವರನ್ನು. ಅದೇ ಬಳಗದ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭಿಸಿದರು. ಅಲ್ಲಿಂದಲೇ 1961ರಲ್ಲಿ ಕರ್ನಾಟಕ ಕಾಲೇಜಿನ ಇನ್ನೊಬ್ಬ ಹಳೆಯ ವಿದ್ಯಾರ್ಥಿಯ 'ಯಯಾತಿ' ನಾಟಕ ಅಚ್ಚಾಯಿತು. ಆ ವಿದ್ಯಾರ್ಥಿ ಗಿರೀಶ ಕಾರ್ನಾಡ.

ಪುಸ್ತಕ ಹೊರಬರುವಾಗ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿದ್ದರು. 1823ರಿಂದ ನಡೆದುಬಂದ ಅಲ್ಲಿನ ಯೂನಿಯನ್ನಿಗೆ ಅವರು ಅಧ್ಯಕ್ಷರಾಗಿ ಆಯ್ಕೆಯಾದದ್ದು ಕನ್ನಡಿಗರಾದ ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ ಎಲ್ಲರೂ ಕಾರ್ನಾಡರಂತೆ ಮಾತಿನ ಮಲ್ಲರಲ್ಲ. ಅವರಿಗಿಂತ ಅರ್ಧ ಶತಮಾನ ಮೊದಲು, 1907ರಲ್ಲಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದ ಒಬ್ಬ ಹುಡುಗ ಸಭೆಯಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲ. ಭಾರತೀಯ ವಿದ್ಯಾರ್ಥಿಗಳ 'ಮಜ್ಲಿಸ್'ಗೆ ಹೋಗುತ್ತಿದ್ದ, ಕೇಳುತ್ತಿದ್ದ, ಎದ್ದು ಬರುತ್ತಿದ್ದ. ಕಾಲೇಜಿನ ಚರ್ಚಾಕೂಟದಲ್ಲಿ ಒಂದು ನಿಯಮವಿತ್ತು: ಇಡೀ ಅವಧಿಯಲ್ಲಿ ಒಮ್ಮೆಯೂ ಮಾತಾಡದ ಸದಸ್ಯ ದಂಡ ತೆರಬೇಕು. ತಾನು ಎಷ್ಟೋ ಸಲ ಆ ದಂಡ ತೆತ್ತೆ ಎಂದು ಆತನೇ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡ. ಹುಡುಗನ ಹೆಸರು ಜವಾಹರಲಾಲ ನೆಹರು. 1947ರ ಆಗಸ್ಟ್ 14ರ ನಡುರಾತ್ರಿ ಇಡೀ ಜಗತ್ತೇ ಕೇಳಿಸಿಕೊಂಡ ಭಾಷಣ ಮಾಡಿದ್ದು ದಂಡ ಕಟ್ಟಿದ ಈ ಹುಡುಗನೇ. ಸಂಘ ಮಾತುಗಾರನನ್ನು ಮಾತ್ರ ಬೆಳೆಸುತ್ತದೆ ಎನ್ನುವವರಿಗೆ ನಾನು ಈ ಪ್ರಸಂಗ ಹೇಳುತ್ತೇನೆ. ಮೂರು ವರ್ಷ ಸುಮ್ಮನೆ ಕುಳಿತು ಕೇಳುವುದೂ ಒಂದು ಶಿಕ್ಷಣವೇ.

ದೊಡ್ಡವರ ಮಾತಾಯಿತು. ನಮ್ಮಂಥ ಸಾಮಾನ್ಯ ಪದವೀಧರರ ಪಾಡೇನು? ನಾನು ಓದಿದ್ದು ಮಲೆನಾಡಿನ ಒಂದು ಸಣ್ಣ ಊರಿನ ಕಾಲೇಜಿನಲ್ಲಿ, 1969ರಿಂದ 1972ರವರೆಗೆ. ಕೊನೆಯ ವರ್ಷ ಕನ್ನಡ ಸಂಘಕ್ಕೆ ನಾನು ಕಾರ್ಯದರ್ಶಿ. ಸಂಘಕ್ಕೆ ಮಂಜೂರಾದ ಹಣ ನೂರೈವತ್ತು ರೂಪಾಯಿ. ಅದರಲ್ಲಿ ಇಬ್ಬರು ಸಾಹಿತಿಗಳನ್ನು ಕರೆಸಬೇಕು, ಬಸ್ಸಿನ ಖರ್ಚು ಕೊಡಬೇಕು, ಹಾರ ತರಬೇಕು, ಸೈಕ್ಲೋಸ್ಟೈಲ್ ಪತ್ರಿಕೆಗೆ ಸ್ಟೆನ್ಸಿಲ್ಲು, ಕಾಗದ ಕೊಳ್ಳಬೇಕು. ಆಫೀಸಿನವರು ಹಣ ಬಿಡುಗಡೆ ಮಾಡುತ್ತಿದ್ದದ್ದು ಕಾರ್ಯಕ್ರಮ ಮುಗಿದ ಎರಡು ತಿಂಗಳಿಗೆ, ಅದೂ ರಸೀದಿಗಳನ್ನೆಲ್ಲ ಒಪ್ಪಿಸಿದ ಮೇಲೆ. ಹೂವು ಮಾರುವ ಅಜ್ಜಿಯ ಹತ್ತಿರ ರಸೀದಿ ಎಲ್ಲಿಂದ ತರುವುದು? ಕನ್ನಡ ಮೇಷ್ಟ್ರು ತಮ್ಮ ಜೇಬಿನಿಂದ ಹಣ ಕೊಡುತ್ತಿದ್ದರು. ಬಂದ ಅತಿಥಿಗೆ ಅವರ ಮನೆಯಲ್ಲೇ ಊಟ, ಅವರ ಮನೆಯ ಜಗುಲಿಯಲ್ಲೇ ಹಾಸಿಗೆ. ಬೆಂಚು ಸಾಗಿಸುವುದು, ದೀಪ ಕೆಟ್ಟರೆ ಪೆಟ್ರೋಮ್ಯಾಕ್ಸ್ ತರುವುದು, ಅತಿಥಿಯ ಬಸ್ಸು ತಡವಾದರೆ ಸಭೆಯನ್ನು ಹಿಡಿದಿಟ್ಟುಕೊಳ್ಳುವುದು, ಮರುದಿನ ಜಮಾಖರ್ಚು ಬರೆದು ಸದಸ್ಯರ ಮುಂದೆ ಓದುವುದು, ಇವೆಲ್ಲ ನಮ್ಮ ಕೆಲಸ.

ಆ ಮೇಷ್ಟ್ರು ಒಂದು ಕಟ್ಟಳೆ ಮಾಡಿದ್ದರು. ಚೆನ್ನಾಗಿ ಮಾತಾಡುವವರು ಸ್ವಾಗತ ಹೇಳಲಿ; ವಂದನಾರ್ಪಣೆ ಮಾತ್ರ ಸರದಿಯ ಮೇಲೆ, ಯಾರೂ ತಪ್ಪಿಸುವಂತಿಲ್ಲ. ನನ್ನ ಸಹಪಾಠಿಯೊಬ್ಬ ಅಡಿಕೆ ತೋಟದ ಕೂಲಿಯಾಳಿನ ಮಗ. ಮಾತು ತಡವರಿಸುತ್ತಿತ್ತು. ಅವನ ಸರದಿ ಬಂದ ದಿನ ವಂದನೆ ಹೇಳಬೇಕಾದ ಆರು ಹೆಸರುಗಳಿಗೆ ಅವನು ತೆಗೆದುಕೊಂಡದ್ದು ಹತ್ತು ನಿಮಿಷ. ಯಾರೂ ನಗಲಿಲ್ಲ. ಏಕೆಂದರೆ ಮುಂದಿನ ಸರದಿ ತಮ್ಮದೇ ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು. ಬಿ.ಎ. ಮುಗಿಸಿ ಅವನು ಹಳ್ಳಿಗೆ ಹಿಂತಿರುಗಿದ, ಹಾಲು ಉತ್ಪಾದಕರ ಸಹಕಾರ ಸಂಘ ಬಂದಾಗ ಅದರ ಕಾರ್ಯದರ್ಶಿಯಾದ. ಇಪ್ಪತ್ತಾರು ವರ್ಷ ಆ ಕೆಲಸ ಮಾಡಿದ. ಒಮ್ಮೆ ಅಲ್ಲಿನ ವಾರ್ಷಿಕ ಸಭೆಗೆ ನನ್ನನ್ನು ಕರೆದಿದ್ದ. ತಡವರಿಸುತ್ತಲೇ ವರದಿ ಓದಿದ; ಲೆಕ್ಕದಲ್ಲಿ ಮಾತ್ರ ಒಂದು ಪೈಸೆಯ ತಡವರಿಕೆ ಇರಲಿಲ್ಲ. "ಲೆಕ್ಕ ಸಭೆಯ ಮುಂದೆ ಓದದಿದ್ದರೆ ನನಗೆ ಊಟ ಸೇರುವುದಿಲ್ಲ ಮಾರಾಯಾ, ಅದು ಮೇಷ್ಟ್ರು ಹಚ್ಚಿದ ರೋಗ" ಎಂದ. ಬಿ.ಎ.ಯಲ್ಲಿ ಅವನಿಗೆ ಬಂದದ್ದು ಮೂರನೆಯ ದರ್ಜೆ. ಪದವಿಯ ಪ್ರಯೋಜನವೇನು ಎಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಈ ಗೆಳೆಯನೇ.

ಹೀಗೆಂದ ಮಾತ್ರಕ್ಕೆ ಹಳೆಯ ಸಂಘಗಳೆಲ್ಲ ನಂದನವನಗಳು ಎಂದು ಓದುಗರು ತಿಳಿಯಬಾರದು. ಸಂಘದಲ್ಲಿ ಇರಲು ಹೊತ್ತು ಬೇಕು. ಹೊತ್ತು ಇದ್ದದ್ದು ಊರಿನಲ್ಲೇ ಮನೆಯಿದ್ದವರಿಗೆ, ಇಲ್ಲವೇ ಹಾಸ್ಟೆಲಿನಲ್ಲಿದ್ದವರಿಗೆ. ನಮ್ಮ ಕಾಲದ ಹೆಣ್ಣುಮಕ್ಕಳು ಮುಂದಿನ ಬೆಂಚಿನಲ್ಲಿ ಕೂತು ದೀಪ ಹಚ್ಚುವ ಮೊದಲೇ ಎದ್ದು ಹೋಗುತ್ತಿದ್ದರು. ಕವಿಗೋಷ್ಠಿಯಲ್ಲಿ ಅವರ ಕವಿತೆಯನ್ನು ಹುಡುಗರು ಓದಿದ್ದೂ ಉಂಟು. ಎಷ್ಟೋ ಕಡೆ ಸಂಘವೆಂದರೆ ಮೇಲುಜಾತಿಯ, ಪೇಟೆಯ ಹುಡುಗರ ಕೂಟವೇ ಆಗಿತ್ತು. ಅದನ್ನು ಒಡೆದದ್ದೂ ವಿದ್ಯಾರ್ಥಿಗಳೇ. 1973ರಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' ಮಾತಿನಿಂದ ಕಾಲೇಜುಗಳಲ್ಲಿ ದೊಡ್ಡ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು. ಆ ಏಟಿನ ಉತ್ತರವಾಗಿ ಅವರು ತಮ್ಮದೇ ಚರ್ಚೆಗಳನ್ನು, ತಮ್ಮದೇ ಸಂಘಟನೆಗಳನ್ನು ಕಟ್ಟಿಕೊಂಡರು. ಆ ತಲೆಮಾರಿನಿಂದಲೇ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂತು, ದಲಿತ ಸಂಘರ್ಷ ಸಮಿತಿ ಬೆಳೆಯಿತು. ಇದ್ದ ಸಂಘ ಜಾಗ ಕೊಡದಿದ್ದಾಗ ಹೊಸ ಸಂಘ ಕಟ್ಟಿಕೊಳ್ಳುವ ಬುದ್ಧಿಯೂ ವಿದ್ಯಾರ್ಥಿ ದೆಸೆಯಲ್ಲೇ ಬರುವಂಥದು.

ಈಚೆಗೆ ಒಂದು ಕಾಲೇಜಿನಲ್ಲಿ ಉಪನ್ಯಾಸಕ್ಕೆ ಹೋಗಿದ್ದೆ. ಸಂಘಗಳ ಪಟ್ಟಿ ಕಾರಿಡಾರಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿತ್ತು, ಹದಿನೇಳು ಇದ್ದವು. ನನ್ನ ಮಾತು ಮುಗಿಯುವ ಮೊದಲೇ ಐದಾರು ಫೋಟೋ ತೆಗೆದು ನ್ಯಾಕ್ ಸಮಿತಿಗೆ ತೋರಿಸುವ ಕಡತಕ್ಕೆ ಸೇರಿಸಿಕೊಂಡರು. ಕೊನೆಗೆ ಒಬ್ಬಳು ಹುಡುಗಿ ಎದ್ದು, "ಸರ್, ಸಂಘದಲ್ಲಿ ಕೆಲಸ ಮಾಡಿದರೆ ಎಷ್ಟು ಅಂಕ ಕೊಡುತ್ತಾರೆ?" ಎಂದು ಕೇಳಿದಳು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಅವಳು ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುವವಳು. ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಸೆಮಿಸ್ಟರಿಗೊಂದು ಪರೀಕ್ಷೆ, ನಡುವೆ ಕಿರುಪರೀಕ್ಷೆ, ಅಸೈನ್‌ಮೆಂಟು. ಅವಳ ಪಾಲಿಗೆ ಹೊತ್ತೆಂಬುದು ಎಣಿಸಿಟ್ಟ ದುಡ್ಡು. ಅದನ್ನು ಎಲ್ಲಿ ಖರ್ಚು ಮಾಡಲಿ ಎಂದು ಕೇಳುವ ಹಕ್ಕು ಅವಳಿಗಿದೆ.

ನಾನು ಅವಳಿಗೆ ಕೊಟ್ಟ ಉತ್ತರ ಇಷ್ಟು: ಅಂಕ ಕೊಟ್ಟ ದಿನ ಅದು ಸಂಘವಲ್ಲ, ಇನ್ನೊಂದು ಪತ್ರಿಕೆ. ಇನ್ನೊಬ್ಬರು ಅಳೆಯುವುದಿಲ್ಲ ಎಂದು ಗೊತ್ತಿದ್ದೂ ಒಂದು ಕೆಲಸವನ್ನು ಸರಿಯಾಗಿ ಮಾಡುವ ಅಭ್ಯಾಸ ಬರುವುದು ಅಲ್ಲಿ ಮಾತ್ರ. ಕಾಲೇಜು ಬಿಟ್ಟ ಮೇಲೆ ಜೀವನದಲ್ಲಿ ಬರುವ ಮುಖ್ಯವಾದ ಕೆಲಸಗಳೆಲ್ಲ ಈ ಜಾತಿಯವೇ. ಮಕ್ಕಳನ್ನು ಬೆಳೆಸುವುದಕ್ಕೆ, ಮುದುಕರನ್ನು ನೋಡಿಕೊಳ್ಳುವುದಕ್ಕೆ, ಊರಿನ ಕೆರೆಯ ಬಗ್ಗೆ ಅರ್ಜಿ ಬರೆದುಕೊಡುವುದಕ್ಕೆ ಯಾರೂ ಅಂಕ ಕೊಡುವುದಿಲ್ಲ.

ಆದರೆ ಉತ್ತರದ ಇನ್ನರ್ಧವನ್ನು ಕೊಡಬೇಕಾದವರು ಕಾಲೇಜಿನವರು. ಸಂಜೆ ಐದರ ಮೇಲೆ ಸಭೆ ಇಟ್ಟು ಹುಡುಗಿಯರು ಬರುವುದಿಲ್ಲ ಎಂದರೆ ಏನು ಪ್ರಯೋಜನ? ವಾರಕ್ಕೆ ಒಂದು ಗಂಟೆ ವೇಳಾಪಟ್ಟಿಯೊಳಗೇ ಬಿಟ್ಟುಕೊಟ್ಟು, ಆ ಗಂಟೆಗೆ ಅಂಕವನ್ನೂ ಹಾಜರಿಯನ್ನೂ ಕೇಳದಿದ್ದರೆ ಸಾಕು. ಅನುಕೂಲವಿಲ್ಲ ಎನ್ನುವವರಿಗೆ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ ಕಣ್ಣೆದುರಿಗಿದೆ. ಇಂಗ್ಲಿಷಿನ ವಾತಾವರಣದ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು ಚಿ. ಶ್ರೀನಿವಾಸರಾಜು 1970ರ ದಶಕದಿಂದ ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು ಆ ಸಂಘವನ್ನು ಬೆಳೆಸಿದರು. ಬೇಂದ್ರೆಯವರ ನೆನಪಿನಲ್ಲಿ ಕವಿತೆಯ ಸ್ಪರ್ಧೆ ನಡೆಸಿ, ಬೇರೆ ಬೇರೆ ಊರಿನ ವಿದ್ಯಾರ್ಥಿಗಳ ಕವಿತೆಗಳನ್ನು ಪುಸ್ತಕವಾಗಿ ತಂದರು. 2007ರಲ್ಲಿ ಅವರು ತೀರಿಕೊಂಡಾಗ ಅವರನ್ನು ನೆನೆದು ಬರೆದವರಲ್ಲಿ ಅನೇಕರು ಅವರ ತರಗತಿಯಲ್ಲಿ ಒಂದು ದಿನವೂ ಕುಳಿತವರಲ್ಲ.

ಮೇಷ್ಟ್ರೊಬ್ಬರು, ನಾಲ್ಕು ಜನ ಹುಡುಗರು, ಒಂದು ಖಾಲಿ ಕೋಣೆ, ಒಂದು ಲೆಕ್ಕದ ಪುಸ್ತಕ. ಎಷ್ಟೋ ಸಂಘಗಳಿಗೆ ಆರಂಭದಲ್ಲಿ ಇದಕ್ಕಿಂತ ಹೆಚ್ಚಿನ ಬಂಡವಾಳ ಇರಲಿಲ್ಲ. ಇದಿಷ್ಟು ಯಾವ ಕಾಲೇಜಿನಲ್ಲಿ ಇಲ್ಲ?